ಹೆಡ್‌ಲೈಟ್ ಉರಿಯದಿದ್ದರೆ ಮೊದಲು ಏನು ನೋಡಬೇಕು?

ಹೆಡ್‌ಲೈಟ್ ಕೆಟ್ಟಿತು ಎಂದರೆ ಹೊಸಬರು ನೇರ ಅಂಗಡಿಗೆ ಹೋಗಿ ಬಲ್ಬ್ ತಂದುಬಿಡುತ್ತಾರೆ. ಅವಸರ ಬೇಡ. ಮೊದಲು ಕಾರನ್ನು ಗೋಡೆಯ ಎದುರು ನಿಲ್ಲಿಸಿ ದೀಪ ಹಾಕಿ ನೋಡಿ. ಆರಿರುವುದು ಒಂದೋ, ಎರಡೂನೋ? ಡಿಮ್ ಮಾತ್ರವೋ, ಹೈಬೀಮೂ ಇಲ್ಲವೋ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಎರಡೂ ಒಟ್ಟಿಗೇ ಆರಿದ್ದರೆ ಫ್ಯೂಸ್, ರಿಲೇ, ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಮೇಲೆ ಅನುಮಾನ ಇಡಿ. ಒಂದೇ ಕಡೆ ಆರಿದ್ದರೆ ಆ ಕಡೆಯ ಬಲ್ಬ್, ಅದರ ಹಿಂದೆ ಸಿಕ್ಕಿಸಿದ ವೈರಿನ ಪ್ಲಗ್ (ಕಪ್ಲರ್), ಫ್ಯೂಸ್ ನೋಡಿ.

ನಮ್ಮಲ್ಲಿ ಎಷ್ಟೋ ಕಾರುಗಳಿಗೆ ಇರುವುದು ಎಚ್4 ಹ್ಯಾಲೊಜೆನ್ ಬಲ್ಬ್. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್: ಡಿಮ್‌ಗೆ 55 ವಾಟ್, ಹೈಬೀಮ್‌ಗೆ 60 ವಾಟ್. ಹಾಗಾಗಿ ಹೈಬೀಮ್ ಉರಿದು ಡಿಮ್ ಉರಿಯದಿದ್ದರೆ ಸಾಮಾನ್ಯವಾಗಿ ಒಂದು ಫಿಲಮೆಂಟ್ ತುಂಡಾಗಿರುತ್ತದೆ.

ಖಾತ್ರಿ ಮಾಡಿಕೊಳ್ಳಲು ದುಡ್ಡು ಬೇಕಿಲ್ಲ. ದೀಪ ಆರಿಸಿ, ಬಲ್ಬ್ ತಣ್ಣಗಾಗಲಿ. ಬಾನೆಟ್ ಎತ್ತಿ ಕಪ್ಲರ್ ಎಳೆಯಿರಿ, ರಬ್ಬರ್ ಕ್ಯಾಪ್ ತೆಗೆಯಿರಿ, ಸ್ಪ್ರಿಂಗ್ ಕ್ಲಿಪ್ ಒತ್ತಿ ಬಿಡಿಸಿ. ಬಲ್ಬ್ ಕೈಗೆ ಬರುತ್ತದೆ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ. ಬಲ್ಬಿನ ಜೊತೆ ತೊಂದರೆಯೂ ಆಚೆ ಕಡೆ ಹೋದರೆ ಬಲ್ಬೇ ಕೆಟ್ಟಿದೆ. ಹೋಗದೆ ಇದ್ದಲ್ಲೇ ಉಳಿದರೆ ಬಲ್ಬ್ ಚೆನ್ನಾಗಿದೆ, ಹುಡುಕಾಟ ವೈರಿನ ಕಡೆ ನಡೆಯಲಿ. ಗಾಜನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ವಿಪರೀತ ಕಾಯ್ದು ಬಲ್ಬ್ ಬೇಗ ಹೋಗುತ್ತದೆ.

ಈಗ ಕಪ್ಲರಿನ ಒಳಕ್ಕೆ ಮೊಬೈಲ್ ಟಾರ್ಚ್ ಬಿಡಿ. ಇದನ್ನು ನೋಡುವವರೇ ಕಡಿಮೆ, ಎಷ್ಟೋ ಸಲ ತೊಂದರೆ ಕೂತಿರುವುದು ಮಾತ್ರ ಇಲ್ಲೇ. ಪಿನ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿರಬಹುದು. ಪ್ಲಾಸ್ಟಿಕ್ ಕಂದಾಗಿ, ಕರಗಿ, ಒಳಗಿನ ತಗಡು ಸಡಿಲವಾಗಿರಬಹುದು. ಹೆಚ್ಚು ಬೆಳಕಿನ ಆಸೆಗೆ 100 ವಾಟ್ ಬಲ್ಬ್ ಹಾಕಿಸಿದ ಕಾರುಗಳಲ್ಲಿ ಹೀಗಾಗುವುದು ಸಾಮಾನ್ಯ. 12 ವೋಲ್ಟ್‌ನಲ್ಲಿ 60 ವಾಟ್ ಬಲ್ಬ್ ಎಳೆಯುವುದು 5 ಆಂಪಿಯರ್, 100 ವಾಟಿನದು 8ಕ್ಕೂ ಹೆಚ್ಚು. ಕಂಪನಿ ಕೊಟ್ಟ ವೈರಿಂಗ್ ಅಷ್ಟು ಹೊರೆಗೆ ಮಾಡಿದ್ದಲ್ಲ. ಕರಗಿದ ಕಪ್ಲರನ್ನು ಬದಲಿಸಲೇಬೇಕು, ಟೇಪ್ ಸುತ್ತಿ ಸಾಗಿಸಬಾರದು.

ಕಪ್ಲರ್ ಸರಿಯಿದ್ದರೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ದೀಪದ ಸ್ವಿಚ್ ಹಾಕಿ ಅಳೆಯಿರಿ. ಕರೆಂಟ್ ಬರುವ ಪಿನ್ನಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ 12 ವೋಲ್ಟ್ ಇದ್ದು, ಕಪ್ಲರಿನ ಅರ್ಥ್ ಪಿನ್ನಿಗೆ ಅಳೆದಾಗ ಬರದಿದ್ದರೆ ಅರ್ಥ್ ವೈರ್ ಬಿಟ್ಟಿದೆ. ಕಾರಿನ ಮೈಗೆ ಬಿಗಿದ ಅದರ ಬೋಲ್ಟ್ ಹುಡುಕಿ ಉಜ್ಜಿ ಬಿಗಿಮಾಡಿ. ಕರೆಂಟೇ ಬರದಿದ್ದರೆ ಫ್ಯೂಸ್, ರಿಲೇ ನೋಡಿ. ಹೋದ ಫ್ಯೂಸ್ ಎಷ್ಟು ಆಂಪಿಯರಿನದೋ ಅಷ್ಟರದ್ದನ್ನೇ ಹಾಕಿ. ಮತ್ತೆ ಹೋದರೆ ಎಲ್ಲೋ ಶಾರ್ಟ್ ಆಗಿದೆ. ದೊಡ್ಡ ಫ್ಯೂಸ್ ಹಾಕಿದರೆ ವೈರಿಗೇ ಬೆಂಕಿ ಹತ್ತೀತು. ಶಾರ್ಟ್ ಆಗಿದ್ದರೆ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ.

ರಿಪೇರಿ ಮುಗಿಯುವ ತನಕ ರಾತ್ರಿ ಕಾರು ತೆಗೆಯಬೇಡಿ. ಒಂದೇ ದೀಪದ ಕಾರನ್ನು ಎದುರಿನಿಂದ ಬರುವವರು ಬೈಕ್ ಎಂದುಕೊಂಡು ಬೈಕಿಗೆ ಸಾಕಾಗುವಷ್ಟೇ ಜಾಗ ಬಿಡುತ್ತಾರೆ.