ಆಫರ್ ಲೆಟರ್ ಬಂದಿದೆ, ಸೀಟು ಇನ್ನೂ ಬಂದಿಲ್ಲ

ಅಕೌಂಟೆನ್ಸಿಯಲ್ಲಿ ನಾವೆಲ್ಲ ಓದುವ ಪ್ರೂಡೆನ್ಸ್ ತತ್ವ ಇಷ್ಟೇ ಹೇಳುತ್ತದೆ: ಬರಬಹುದಾದ ಲಾಭವನ್ನು ಅದು ಬರುವ ಮೊದಲೇ ಪುಸ್ತಕಕ್ಕೆ ಹತ್ತಿಸಬಾರದು, ಆಗಬಹುದಾದ ನಷ್ಟಕ್ಕೆ ಮಾತ್ರ ಮೊದಲೇ ಏರ್ಪಾಡು ಮಾಡಿಡಬೇಕು. ಅಂಗಡಿ ಲೆಕ್ಕಕ್ಕೆ ಮಾಡಿದ ಈ ನಿಯಮ ಕಾಲೇಜು ಪ್ರವೇಶಕ್ಕೂ ಚೆನ್ನಾಗಿ ಹೊಂದುತ್ತದೆ.

ನಮ್ಮ ಖಾಲಾ ಮಗಳು ಬಿ.ಎ. ಮುಗಿಸಿ, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಸೃಜನಶೀಲ ಬರವಣಿಗೆಯ ಎಂ.ಎ. ಓದಲು ಅರ್ಜಿ ಹಾಕಿದ್ದಾರೆ. ಆಫರ್ ಲೆಟರ್ ಬಂದಿದೆ. ಅದರಲ್ಲಿ ಷರತ್ತು ಇದೆ, ಡಿಪಾಸಿಟ್ ಇದೆ, ಕೊನೆಯ ದಿನಾಂಕ ಇದೆ. ಸ್ಕಾಲರ್‌ಶಿಪ್ ಬಗ್ಗೆ ಮಾತ್ರ ಉತ್ತರವಿಲ್ಲ. ಮನೆಯಲ್ಲಿ ಕೆಲವರು ಮಿಠಾಯಿ ಹಂಚೋಣ ಎಂದರು. ಕೆಲವರು ಅಟ್ಟದ ಮೇಲಿನ ಕೊಬ್ಬರಿ ಎಷ್ಟಕ್ಕೆ ಹೋದೀತು ಎಂದು ಲೆಕ್ಕ ಹಾಕಿದರು. ಮುಂದೆ ನಮ್ಮಲ್ಲಿ ಹಲವರಿಗೆ ಇಂಥ ಕಾಗದ ಬರಬಹುದು, ಇನ್ಷಾ ಅಲ್ಲಾಹ್. ಆಗ ಏನು ಮಾಡಬೇಕು ಎಂಬುದೇ ಈ ಪಾಠ.

1. ಮೊದಲು ಕಾಗದವನ್ನು ಓದಿ

ಆಫರ್‌ಗಳೆಲ್ಲ ಒಂದೇ ಅಲ್ಲ. ಷರತ್ತಿಲ್ಲದ ಆಫರ್ ಎಂದರೆ ಓದಿನ ಅರ್ಹತೆಯ ಮಟ್ಟಿಗೆ ಸೀಟು ನಿಮ್ಮದು. ಷರತ್ತಿನ ಆಫರ್ ಎಂದರೆ ಪದವಿಯ ಅಂತಿಮ ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಅಂಕ ಮುಂತಾದವನ್ನು ಕೊಟ್ಟ ಮೇಲಷ್ಟೇ ಸೀಟು. ವೇಟಿಂಗ್ ಲಿಸ್ಟ್ ಎಂದರೆ ಬೇರೆಯವರು ಬಿಟ್ಟರೆ ನಿಮಗೆ. ಸ್ಕಾಲರ್‌ಶಿಪ್ ಬಹಳ ಕಡೆ ಪ್ರತ್ಯೇಕ ನಿರ್ಧಾರ. ಸೀಟು ಸಿಕ್ಕಿತೆಂದ ಮಾತ್ರಕ್ಕೆ ಹಣ ಸಿಕ್ಕಿತು ಎಂದಲ್ಲ.

ದಿನಾಂಕಗಳನ್ನೂ ಗಮನಿಸಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ಖರ್ಚಿಗೆ ಬೇಕಾದ ಹಣ 28 ದಿನ ಸತತವಾಗಿ ಖಾತೆಯಲ್ಲಿತ್ತು ಎಂದು ಸಾಮಾನ್ಯವಾಗಿ ತೋರಿಸಬೇಕಾಗುತ್ತದೆ. ಕೊನೆಯ ವಾರ ಕೈಸಾಲ ತಂದು ತೋರಿಸಿದರೆ ಆಗದು. ಅಮೆರಿಕದಲ್ಲಿ ಪದವಿ ಶಾಲೆಗಳ ಒಕ್ಕೂಟದ ಒಂದು ಒಪ್ಪಂದವಿದೆ: ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಹಣಕಾಸಿನ ನೆರವಿರುವ ಆಫರ್‌ಗೆ ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರ ಕೊಡಿ ಎಂದು ಒತ್ತಾಯಿಸುವಂತಿಲ್ಲ. ಇದು ಗೊತ್ತಿದ್ದವರು ಗಾಬರಿಯಿಂದ ಒಪ್ಪಿಕೊಳ್ಳುವುದಿಲ್ಲ.

ಷರತ್ತು ಎಂದರೆ ಅವಮಾನವೂ ಅಲ್ಲ. ಹಾಸನದ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡಿದ್ದೇ ಷರತ್ತಿನ ಮೇಲೆ: ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕು. ಅವರು ಕೆಲವೇ ದಿನಗಳಲ್ಲಿ ಬರೆಯಲು ಶುರುಮಾಡಿದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಅನುವಾದಿಸಿದ ದೀಪಾ ಭಾಸ್ತಿ ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡರು. ಮನೆಯಲ್ಲಿ ಉರ್ದು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ನಮ್ಮಂಥವರಿಗೆ ಈ ಷರತ್ತಿನ ತೂಕ ಗೊತ್ತು. ಷರತ್ತನ್ನು ನೋಡಿ ಕೂತರೆ ಅದು ಗೋಡೆ; ಅದರ ಮೇಲೆ ಕೆಲಸ ಮಾಡಿದರೆ ಮೆಟ್ಟಿಲು.

2. ಉತ್ತರ 'ಹೌದು', 'ಇಲ್ಲ' ಎರಡೇ ಅಲ್ಲ

ಸಿಇಟಿ ಬರೆದವರಿಗೆ ಕೆಇಎಯ ನಾಲ್ಕು ಚಾಯ್ಸ್‌ಗಳು ಗೊತ್ತು. ಚಾಯ್ಸ್ 1: ಈ ಸೀಟು ಸಾಕು, ಸೇರುತ್ತೇನೆ. ಚಾಯ್ಸ್ 2: ಈ ಸೀಟು ಇರಲಿ, ಆದರೆ ಮುಂದಿನ ಸುತ್ತಿನಲ್ಲೂ ನೋಡುತ್ತೇನೆ; ಮೇಲಿನ ಸೀಟು ಸಿಕ್ಕಿದರೆ ಹಳೆಯದು ತಾನಾಗಿ ರದ್ದು. ಚಾಯ್ಸ್ 3: ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ಚಾಯ್ಸ್ 4: ಈ ಪ್ರಕ್ರಿಯೆಯೇ ಬೇಡ, ಹೊರಡುತ್ತೇನೆ.

ಸ್ನಾತಕೋತ್ತರ ಪ್ರವೇಶದಲ್ಲಿ ಈ ನಾಲ್ಕು ಕಾಲಂಗಳನ್ನು ಯಾರೂ ಮುದ್ರಿಸಿ ಕೊಡುವುದಿಲ್ಲ, ನಾವೇ ಗೆರೆ ಎಳೆದುಕೊಳ್ಳಬೇಕು. ಕೊನೆಯ ದಿನಾಂಕ ಮುಂದೂಡುತ್ತೀರಾ, ಸೀಟನ್ನು ಮುಂದಿನ ವರ್ಷಕ್ಕೆ ಇಟ್ಟುಕೊಡುತ್ತೀರಾ, ಆಗ ಸ್ಕಾಲರ್‌ಶಿಪ್ ಅರ್ಜಿಯೂ ಉಳಿಯುತ್ತದೆಯೇ, ವೀಸಾ ಸಿಗದಿದ್ದರೆ ಡಿಪಾಸಿಟ್ ವಾಪಸ್ಸು ಬರುತ್ತದೆಯೇ: ಈ ನಾಲ್ಕು ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿ ಇಡಬೇಕು. ಫೋನಿನಲ್ಲಿ ಕೇಳಿದ್ದು ವೋಚರ್ ಇಲ್ಲದ ಖರ್ಚಿನಂತೆ, ಆಮೇಲೆ ತೋರಿಸಲು ಏನೂ ಇರುವುದಿಲ್ಲ.

3. ಬೆಂಬಲ ಬೆಲೆ ಕಟ್ಟಿಕೊಳ್ಳಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಅನಿಶ್ಚಿತತೆ ಹೊಸದಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನೊಳಗೆ ಅಲ್ಲಾಡುವ ತನಕ ಕಾಯುತ್ತೇವೆ. ಹರಾಜಿನ ದಿನ ಎಪಿಎಂಸಿಯಲ್ಲಿ ಏನು ಬೆಲೆ ಬರುತ್ತದೆಂದು ಕಾಯಿ ಅಟ್ಟಕ್ಕೆ ಏರಿಸಿದ ದಿನ ಯಾರಿಗೂ ಗೊತ್ತಿರುವುದಿಲ್ಲ. ಆದರೂ ರೈತರು ಕಣ್ಣು ಮುಚ್ಚಿ ಕೂರುವುದಿಲ್ಲ. ಸ್ವಲ್ಪ ಎಳನೀರಿಗೆ, ಸ್ವಲ್ಪ ಕಾಯಿಗೆ, ಉಳಿದದ್ದು ಕೊಬ್ಬರಿಗೆ. ಇದರ ಜೊತೆಗೆ ಸರ್ಕಾರದ ಬೆಂಬಲ ಬೆಲೆ: 2025ರ ಸಾಲಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ. ಬೆಂಬಲ ಬೆಲೆ ಎಂದರೆ ಆಸೆಯ ಬೆಲೆಯಲ್ಲ. ಮಾರುಕಟ್ಟೆ ಬಿದ್ದರೆ ನಾವು ಎಲ್ಲಿ ನಿಲ್ಲುತ್ತೇವೆ ಎಂಬ ನೆಲ.

ಅರ್ಜಿ ಹಾಕಿದವರಿಗೂ ಇಂಥ ನೆಲ ಬೇಕು. ಈ ಆಫರ್ ಕೈತಪ್ಪಿದರೆ ಏನು? ತುಮಕೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಇದೆ. ಇಗ್ನೋದಲ್ಲಿ ಇಂಗ್ಲಿಷ್ ಸೃಜನಶೀಲ ಬರವಣಿಗೆಯ ಡಿಪ್ಲೊಮಾ ಇದೆ. ಕೆಲಸ ಮಾಡುತ್ತಲೇ ಓದಬಹುದು. ನಾಟಕದ ಕಡೆ ಒಲವಿದ್ದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ಇವು ಸೋತವರ ಜಾಗಗಳಲ್ಲ. ಇವುಗಳ ಅರ್ಜಿಯ ದಿನಾಂಕಗಳನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ವಿದೇಶದ ಕಾಗದಕ್ಕೆ ನಮ್ಮನ್ನು ಹೆದರಿಸುವ ಶಕ್ತಿ ಕಡಿಮೆಯಾಗುತ್ತದೆ.

4. ಹೋದ ಹಣ, ಬಿಟ್ಟುಕೊಡುವ ಅವಕಾಶ

ಅರ್ಜಿ ಶುಲ್ಕ, ಪರೀಕ್ಷಾ ಶುಲ್ಕ ಎಲ್ಲ ಖರ್ಚಾಗಿ ಹೋದ ಹಣ. 'ಇಷ್ಟು ಖರ್ಚು ಮಾಡಿದ್ದೇವೆ, ಈಗ ಹೋಗಲೇಬೇಕು' ಎನ್ನುವುದು ತಪ್ಪು ಲೆಕ್ಕ. ಹೋದರೂ ಹೋಗದಿದ್ದರೂ ಆ ಹಣ ವಾಪಸ್ಸು ಬರುವುದಿಲ್ಲ, ಆದ್ದರಿಂದ ಇವತ್ತಿನ ನಿರ್ಧಾರದಲ್ಲಿ ಅದಕ್ಕೆ ಜಾಗವಿಲ್ಲ. ಅಂದಹಾಗೆ ಐಇಎಲ್‌ಟಿಎಸ್ ಅಂಕ ಎರಡು ವರ್ಷ ನಡೆಯುತ್ತದೆ. ಅದು ಮುಂದಿನ ವರ್ಷಕ್ಕೂ ಉಪಯೋಗಕ್ಕೆ ಬಂದೀತು.

ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಅವಕಾಶ ವೆಚ್ಚ. ಅದೇ ಹಣದಲ್ಲಿ ತಮ್ಮನ ಓದು, ತೋಟದ ಬೋರ್‌ವೆಲ್, ಅಮ್ಮಿಯ ಆಪರೇಷನ್ ಇರಬಹುದು. ಬಡ್ಡಿ ಸಾಲ ಬೇಡವೆನ್ನುವ ಮನೆಗಳಲ್ಲಿ ದಾರಿ ಇನ್ನೂ ಕಿರಿದು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲ ಯೋಜನೆ ಇದೆ, ಆದರೆ ಯಾವ ಕೋರ್ಸಿಗೆ ಅನ್ವಯಿಸುತ್ತದೆ ಎಂದು ಡಿಪಾಸಿಟ್ ಕಟ್ಟುವ ಮೊದಲೇ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಎಲ್ಲಕ್ಕಿಂತ ಮುಖ್ಯ, ಮನೆಯವರು ಕೂತು ಒಂದು ಮೊತ್ತವನ್ನು ಮೊದಲೇ ಗೊತ್ತುಮಾಡಬೇಕು: ಇಷ್ಟು ಸ್ಕಾಲರ್‌ಶಿಪ್ ಬಂದರೆ ಹೋಗುವುದು, ಇದಕ್ಕಿಂತ ಕಡಿಮೆಯಾದರೆ ಇಲ್ಲ. ಉತ್ತರ ಬಂದ ದಿನದ ಖುಷಿಯಲ್ಲೋ ದುಃಖದಲ್ಲೋ ಆ ಗೆರೆ ಎಳೆಯಲು ಆಗುವುದಿಲ್ಲ.

5. ಕಾಯುವ ದಿನಗಳಲ್ಲಿ ಏನು ಮಾಡಬೇಕು?

ಈ ಪಾಠದ ಮುಖ್ಯ ಭಾಗ ಇದೇ. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದವರು. ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಮನೆಯವರಿಗೆ ಆತಂಕ: ಮಗ ವಾಪಸ್ಸು ಬರುತ್ತಾನೋ ಇಲ್ಲವೋ, ಅಲ್ಲೇ ಮದುವೆಯಾಗಿಬಿಟ್ಟರೆ? ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಆ ಯುವಕ ಹೊರಡುವ ಮೊದಲಿನ ಆ ವಾರಗಳಲ್ಲೇ ಕನ್ನಡದಲ್ಲಿ 'ಯಯಾತಿ' ನಾಟಕ ಬರೆದರು. ಅಪ್ಪನಿಗಾಗಿ ಮಗ ತನ್ನ ಯೌವನವನ್ನೇ ಕೊಡುವ ಕಥೆ ಅದು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಅಂದರೆ ಆಕ್ಸ್‌ಫರ್ಡಿನ ಪಾಠ ಶುರುವಾಗುವ ಮೊದಲೇ ಅವರು ನಾಟಕಕಾರರಾಗಿದ್ದರು. ಮನೆಯ ಆತಂಕವೇ ನಾಟಕವಾಯಿತು.

ಯು.ಆರ್. ಅನಂತಮೂರ್ತಿ 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್‌.ಡಿ. ಮಾಡಲು. ಅಲ್ಲಿ ಬರೆದದ್ದು ಕನ್ನಡದ 'ಸಂಸ್ಕಾರ'. ಅಲ್ಲಿ ಅವರಿಗೆ ಗುರುವಾಗಿದ್ದ ಮಾಲ್ಕಂ ಬ್ರಾಡ್‌ಬರಿಯೇ ಮುಂದೆ 1970ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಆಂಗಸ್ ವಿಲ್ಸನ್ ಜೊತೆ ಸೃಜನಶೀಲ ಬರವಣಿಗೆಯ ಎಂ.ಎ. ಆರಂಭಿಸಿದರು. ನೊಬೆಲ್ ಪಡೆದ ಕಜುವೊ ಇಶಿಗುರೊ ಅಲ್ಲೇ ಓದಿದವರು. ಆದ್ದರಿಂದ ಇಂಥ ಕೋರ್ಸು ವ್ಯರ್ಥ ಎನ್ನುವಂತಿಲ್ಲ. ಅದು ಸಮಯ ಕೊಡುತ್ತದೆ, ಗುರುಗಳನ್ನು ಕೊಡುತ್ತದೆ, ಕರಡು ಓದುವ ಜೊತೆಗಾರರನ್ನು ಕೊಡುತ್ತದೆ. ಬರವಣಿಗೆಯನ್ನು ಮಾತ್ರ ನಾವೇ ತೆಗೆದುಕೊಂಡು ಹೋಗಬೇಕು. ಸೀಟು ಅವರ ಕೈಯಲ್ಲಿದೆ; ಕಥೆ ನಮ್ಮ ಕೈಯಲ್ಲಿದೆ. ಎರಡನ್ನೂ ಒಂದೇ ಖಾತೆಗೆ ಬರೆದರೆ ಸೀಟು ತಪ್ಪಿದ ದಿನ ಕಥೆಯೂ ನಷ್ಟದಂತೆ ಕಾಣುತ್ತದೆ.

ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ನಮ್ಮ ಪ್ರವಾದಿಯವರು (ಸ) ಕಲಿಸಿದ್ದನ್ನು ದೀನಿಯಾತ್ ತರಗತಿಯಲ್ಲಿ ಕೇಳಿದ್ದೇವೆ. ಕಾಗದ ಓದುವುದು, ಇಮೇಲ್ ಕಳಿಸುವುದು, ಲೆಕ್ಕ ಬರೆಯುವುದು, ದಿನಕ್ಕೊಂದು ಪುಟ ಬರೆಯುವುದು ಒಂಟೆ ಕಟ್ಟುವ ಕೆಲಸ. ಇಸ್ತಿಖಾರಾ ನಮಾಜ್ ಮಾಡಿ ಉತ್ತರವನ್ನು ಅವನಿಗೆ ಬಿಡುವುದು ತವಕ್ಕುಲ್. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

ಅಭ್ಯಾಸ

1. ನಿಮಗೆ ಬಂದಿರುವ ಅಥವಾ ಬರಬಹುದಾದ ಒಂದು ಆಫರ್ ತೆಗೆದುಕೊಂಡು, 'ಖಚಿತ', 'ಷರತ್ತಿನ ಮೇಲೆ', 'ಇನ್ನೂ ಗೊತ್ತಿಲ್ಲ' ಎಂದು ಮೂರು ಕಾಲಂ ಮಾಡಿ ತುಂಬಿ.
2. ಆ ಆಫರ್ ಇಲ್ಲವಾದರೆ ನಿಮ್ಮ 'ಬೆಂಬಲ ಬೆಲೆ' ಯಾವುದು? ಎರಡು ದಾರಿಗಳನ್ನು ದಿನಾಂಕ ಸಹಿತ ಬರೆಯಿರಿ.
3. ಉತ್ತರ ಏನೇ ಬರಲಿ, ನೀವು ಮಾಡಲಿರುವ ಒಂದು ಕೆಲಸವನ್ನು ಬರೆದು, ಅದನ್ನು ಇವತ್ತೇ ಶುರುಮಾಡಿ.