ಬೇಡಿಕೆಯ ವೇಳೆಗೆ ಜೈವಿಕ ಅನಿಲ: ಆಹಾರ ಮತ್ತು ಕೃಷಿ ತ್ಯಾಜ್ಯ ಘಟಕಗಳ ಲೆಕ್ಕಾಚಾರ

ಗೋಬರ್ ಗ್ಯಾಸ್ ಎಂದೊಡನೆ ಹಿತ್ತಲಿನ ಗುಂಡಿಯೂ ಅದರ ಮೇಲೆ ಏರಿಳಿಯುವ ಕಬ್ಬಿಣದ ಡ್ರಮ್ಮೂ ನೆನಪಾಗುತ್ತವೆ. ಆ ಡ್ರಮ್ಮಿನ ಕೆಲಸವೇ ಈ ಲೇಖನದ ವಿಷಯ. ರಾತ್ರಿಯಿಡೀ ಹುಟ್ಟಿದ ಅನಿಲವನ್ನು ಅದು ಹಿಡಿದಿಟ್ಟು, ಬೆಳಗಿನ ಅಡುಗೆಯ ವೇಳೆಗೆ ಒದಗಿಸುತ್ತಿತ್ತು. ದೊಡ್ಡ ಘಟಕಗಳನ್ನು ಕಟ್ಟುವಾಗ ಉದ್ಯಮಿಗಳು ಬಹುಮಟ್ಟಿಗೆ ಇದನ್ನು ಮರೆತರು. ಅನಿಲ ಬಂದಂತೆಲ್ಲ ಇಂಜಿನ್ನಿಗೆ ಹಾಯಿಸಿ, ಇಪ್ಪತ್ತನಾಲ್ಕು ಗಂಟೆಯೂ ಒಂದೇ ಸಮನೆ ವಿದ್ಯುತ್ ಉತ್ಪಾದಿಸುವುದೇ ದಕ್ಷತೆ ಎಂಬ ಭಾವನೆ ಬೇರೂರಿತು.

ಈಗ ವಿದ್ಯುತ್ತಿನ ಬೆಲೆ ಗಂಟೆಯನ್ನು ಅವಲಂಬಿಸತೊಡಗಿದೆ. ಕೇಂದ್ರ ಸರ್ಕಾರವು 2023ರಲ್ಲಿ ತಿದ್ದುಪಡಿ ಮಾಡಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಗರಿಷ್ಠ ಬೇಡಿಕೆಯ ವೇಳೆಯ ದರವು ಸಾಮಾನ್ಯ ದರದ 1.20 ಪಟ್ಟಿಗಿಂತ ಕಡಿಮೆಯಿರುವಂತಿಲ್ಲ. ಸೌರ ವಿದ್ಯುತ್ ಲಭ್ಯವಿರುವ ಹಗಲಿನ ವೇಳೆಯಲ್ಲಿ ಕನಿಷ್ಠ ಶೇ. 20ರಷ್ಟು ಅಗ್ಗವಾಗಿರಬೇಕು. ಹೀಗಿರುವಾಗ ಮಧ್ಯಾಹ್ನದ ಬಿಸಿಲಿನಲ್ಲಿ ಅನಿಲವನ್ನು ಸುಟ್ಟು ವಿದ್ಯುತ್ ಪಡೆಯುವ ಕಾರ್ಖಾನೆಯು ತನ್ನ ದುಬಾರಿ ಸರಕನ್ನು ಅಗ್ಗದ ವೇಳೆಯಲ್ಲಿ ಖರ್ಚು ಮಾಡಿದಂತೆಯೇ ಸರಿ.

ಈ ಪಾಠವನ್ನು ಮೊದಲು ಕಲಿತದ್ದು ಜರ್ಮನಿ. ಅಲ್ಲಿಯ 2000ದ ನವೀಕರಿಸಬಹುದಾದ ಇಂಧನ ಕಾಯಿದೆಯು ಇಪ್ಪತ್ತು ವರ್ಷಗಳ ನಿಶ್ಚಿತ ದರವನ್ನು ನೀಡಿತು. ಯಾವ ಗಂಟೆಗೂ ಒಂದೇ ಬೆಲೆಯಾದ್ದರಿಂದ ರೈತರು ಇಂಜಿನ್ನನ್ನು ನಿಲ್ಲಿಸುವ ಗೋಜಿಗೇ ಹೋಗಲಿಲ್ಲ. 2012ರ ತಿದ್ದುಪಡಿಯು ಹೆಚ್ಚುವರಿಯಾಗಿ ಅಳವಡಿಸಿದ ಪ್ರತಿ ಕಿಲೋವ್ಯಾಟ್ ಸಾಮರ್ಥ್ಯಕ್ಕೆ ವರ್ಷಕ್ಕೆ 130 ಯೂರೋಗಳನ್ನು, ಹತ್ತು ವರ್ಷಗಳ ಕಾಲ ಕೊಡಲು ಮುಂದಾಯಿತು. ಹೆಚ್ಚು ಅನಿಲಕ್ಕಾಗಿ ಕೊಟ್ಟ ಹಣ ಇದಲ್ಲ. ಅಷ್ಟೇ ಅನಿಲವನ್ನು ಕಡಿಮೆ ಗಂಟೆಗಳಲ್ಲಿ ಉರಿಸಲೆಂದು ಕೊಟ್ಟದ್ದು. ಅದೇ ತಿದ್ದುಪಡಿಯು ಹೊಸ ಘಟಕಗಳಲ್ಲಿ ಮೆಕ್ಕೆಜೋಳ ಮತ್ತು ಧಾನ್ಯದ ಪಾಲನ್ನು ತೂಕದಲ್ಲಿ ಶೇ. 60ಕ್ಕೆ ಸೀಮಿತಗೊಳಿಸಿತು.

ಸಂಗ್ರಹಾಗಾರದ ಗಾತ್ರ

ದಿನಕ್ಕೆ 2,400 ಘನಮೀಟರ್, ಅಂದರೆ ಗಂಟೆಗೆ 100 ಘನಮೀಟರ್ ಅನಿಲ ಕೊಡುವ ಘಟಕವೊಂದನ್ನು ಊಹಿಸಿಕೊಳ್ಳಬಹುದು. ಒಂದು ಘನಮೀಟರಿಗೆ ಸುಮಾರು 2 ಯೂನಿಟ್ ವಿದ್ಯುತ್ ಎಂದು ಹಿಡಿದರೆ, ನಿರಂತರ ಓಟಕ್ಕೆ 200 ಕಿಲೋವ್ಯಾಟ್ ಇಂಜಿನ್ ಸಾಕು. ಸತತ 12 ಗಂಟೆ ಮಾತ್ರ ಓಡಿಸುವುದಾದರೆ 400 ಕಿಲೋವ್ಯಾಟ್ ಇಂಜಿನ್ನೂ 1,200 ಘನಮೀಟರ್ ಸಂಗ್ರಹವೂ ಬೇಕು. ಅದೇ 12 ಗಂಟೆಗಳನ್ನು ಬೆಳಿಗ್ಗೆ 6, ಸಂಜೆ 6 ಎಂದು ಸಮ ಅಂತರದಲ್ಲಿ ಹಂಚಿದರೆ 600 ಘನಮೀಟರ್ ಸಾಕಾಗುತ್ತದೆ. ಎರಡು ಹೊತ್ತು ತಲಾ 4 ಗಂಟೆಗೆ ಇಳಿಸಿದರೆ ಇಂಜಿನ್ 600 ಕಿಲೋವ್ಯಾಟಿಗೆ ಏರಿದರೂ ಸಂಗ್ರಹವು 800ಕ್ಕೆ ನಿಲ್ಲುತ್ತದೆ. ಸಂಗ್ರಹದ ಗಾತ್ರವನ್ನು ಹೆಚ್ಚು ನಿರ್ಧರಿಸುವುದು ಇಂಜಿನ್ ನಿಂತಿರುವ ಅತಿ ದೀರ್ಘ ಅವಧಿ. ಯಂತ್ರೋಪಕರಣ ಮಾರುವವರು ಈ ಅಂಶವನ್ನು ಸಾಮಾನ್ಯವಾಗಿ ತಾವಾಗಿ ಹೇಳುವುದಿಲ್ಲ.

ಉಣಿಸುವ ವೇಳೆ

ಸಂಗ್ರಹವನ್ನು ಇನ್ನೂ ಕಿರಿದಾಗಿಸಲು ಉಣಿಸುವ ವೇಳೆಯನ್ನೇ ಬದಲಿಸಬಹುದು. ಉಳಿದ ಅನ್ನ, ಕೊಳೆತ ಹಣ್ಣು, ತರಕಾರಿ ಕೆಲವೇ ಗಂಟೆಗಳಲ್ಲಿ ಅನಿಲ ಕೊಡತೊಡಗುತ್ತವೆ. ಸಗಣಿ, ಭತ್ತದ ಹುಲ್ಲು ದಿನಗಟ್ಟಲೆ ನಿಧಾನವಾಗಿ ಕರಗುತ್ತವೆ. ನಿಧಾನದ ಪದಾರ್ಥವನ್ನು ತಳಹದಿಯಾಗಿಟ್ಟು, ವೇಗದ ಪದಾರ್ಥವನ್ನು ಬೇಡಿಕೆಗೆ ಮುಂಚೆ ಉಣಿಸಿದರೆ ಉತ್ಪಾದನೆ ಅಲೆಯಂತೆ ಏರುತ್ತದೆ. ಮೇಲಿನ ಮೊದಲ ಉದಾಹರಣೆಯಲ್ಲಿ ಇಂಜಿನ್ ನಿಂತಾಗ ಗಂಟೆಗೆ 70, ಓಡುವಾಗ 130 ಘನಮೀಟರ್ ಬರುವಂತೆ ಮಾಡಿದರೆ 1,200ರ ಬದಲು 840 ಘನಮೀಟರ್ ಸಂಗ್ರಹ ಸಾಕು.

ಆದರೆ ತೊಟ್ಟಿಯೊಳಗಿರುವುದು ಯಂತ್ರವಲ್ಲ, ಜೀವಿಗಳು. ಆಮ್ಲ ತಯಾರಿಸುವ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಆ ಆಮ್ಲವನ್ನು ಮೀಥೇನ್ ಆಗಿಸುವ ಜೀವಿಗಳಿಗೆ ದಿನಗಳೇ ಬೇಕು. ಮದುವೆಯ ಮಾಸದಲ್ಲಿ ಕಲ್ಯಾಣ ಮಂಟಪಗಳಿಂದ ಬಂದ ಅನ್ನವನ್ನೆಲ್ಲ ಒಂದೇ ದಿನ ಸುರಿದರೆ ಆಮ್ಲ ಶೇಖರವಾಗಿ ತೊಟ್ಟಿ ಹುಳಿಯುತ್ತದೆ. ಅದು ಚೇತರಿಸಿಕೊಳ್ಳಲು ವಾರಗಳು ಹಿಡಿಯಬಹುದು. ಸಾಲದ ಕಂತು ಮಾತ್ರ ಕಾಯುವುದಿಲ್ಲ. ಪಿಎಚ್ ಮಾಪನವೊಂದನ್ನೇ ನಂಬಿದವರಿಗೆ ಎಚ್ಚರಿಕೆ ತಡವಾಗಿ ದೊರೆಯುತ್ತದೆ, ಏಕೆಂದರೆ ದ್ರಾವಣದ ಕ್ಷಾರತೆಯು ಬಹುಕಾಲ ಆಮ್ಲವನ್ನು ಮರೆಮಾಚುತ್ತದೆ. ಬಾಷ್ಪಶೀಲ ಆಮ್ಲ ಮತ್ತು ಕ್ಷಾರತೆಯ ಅನುಪಾತವನ್ನು ಅಳೆಯುವುದು ಮೇಲು, ಅದು 0.4ನ್ನು ದಾಟುತ್ತಿದ್ದರೆ ಉಣಿಸುವಿಕೆಯನ್ನು ತಗ್ಗಿಸಬೇಕು. ಬದಲಾಗಬೇಕಾದದ್ದು ಉಣಿಸುವ ಗಂಟೆಯೇ ಹೊರತು ದಿನದ ಒಟ್ಟು ಪ್ರಮಾಣವಲ್ಲ. ಹೆಚ್ಚಾದ ಆಹಾರವನ್ನು ಅರೆದು ಮುಚ್ಚಿದ ತೊಟ್ಟಿಯಲ್ಲಿಟ್ಟು, ಕೆಲವು ದಿನಗಳಲ್ಲಿ ಹಂಚಿ ಉಣಿಸುವುದು ಲೇಸು. ಆಹಾರ ತ್ಯಾಜ್ಯವೊಂದನ್ನೇ ನೆಚ್ಚಿದ ಘಟಕಗಳಲ್ಲಿ ಅಮೋನಿಯಾ ಹೆಚ್ಚುವುದೂ ಕೋಬಾಲ್ಟ್, ನಿಕಲ್, ಸೆಲೆನಿಯಂಗಳ ಕೊರತೆಯೂ ಕಂಡುಬರುವುದರಿಂದ ಸಗಣಿಯ ಬೆರಕೆಯನ್ನು ಕೈಬಿಡಬಾರದು.

ಅನಿಲವನ್ನು ಶುದ್ಧೀಕರಿಸಿ ವಾಹನ ಇಂಧನವಾಗಿ ಮಾರುವವರ ಲೆಕ್ಕವೇ ಬೇರೆ. 2018ರಲ್ಲಿ ಆರಂಭವಾದ ‘ಸತತ್’ ಯೋಜನೆಯಡಿ ತೈಲ ಕಂಪನಿಗಳು ಸಂಕುಚಿತ ಜೈವಿಕ ಅನಿಲವನ್ನು ಕೊಳ್ಳುತ್ತವೆ. ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಘಟಕವನ್ನು ದಿನಕ್ಕೆ 550 ಟನ್ ಹಸಿ ತ್ಯಾಜ್ಯಕ್ಕಾಗಿ ರೂಪಿಸಲಾಗಿದೆ. ಶುದ್ಧೀಕರಣ ಮತ್ತು ಸಂಕೋಚನ ಯಂತ್ರಗಳು ಸಮಪ್ರವಾಹವನ್ನು ಬಯಸುವುದರಿಂದ ಅಲ್ಲಿ ಗಂಟೆಯ ಏರಿಳಿತವನ್ನು ಉದ್ದೇಶಪೂರ್ವಕವಾಗಿ ತರುವುದು ವ್ಯರ್ಥ.

ವಿದ್ಯುತ್ತಿನ ಹಾದಿ ಹಿಡಿದವರು ಇಂಜಿನ್ನಿನ ಸವೆತವನ್ನೂ ಲೆಕ್ಕಕ್ಕೆ ಸೇರಿಸಬೇಕು. ಜೈವಿಕ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಉರಿದಾಗ ಗಂಧಕದ ಆಕ್ಸೈಡುಗಳಾಗುತ್ತವೆ; ಇಂಜಿನ್ ತಣಿದಾಗ ಅವು ತೇವದೊಡನೆ ಕೂಡಿ ಲೋಹವನ್ನು ತಿನ್ನುತ್ತವೆ. ದಿನಕ್ಕೆ ಎರಡು ಬಾರಿ ನಿಂತು ಹೊರಡುವ ಇಂಜಿನ್ನಿಗೆ ಗಂಧಕ ನಿವಾರಣೆಯ ವ್ಯವಸ್ಥೆ, ಬಿಡುವಿನಲ್ಲೂ ಬಿಸಿಯಾಗಿರುವ ಜಾಕೆಟ್ ನೀರು ಹಾಗೂ ಎಣ್ಣೆಯ ನಿಯತ ಪರೀಕ್ಷೆ ಅನಿವಾರ್ಯ. ಈ ಮೂರರ ವೆಚ್ಚವನ್ನು ಇಂಜಿನ್ ಖರೀದಿಯ ದರಪಟ್ಟಿಯಲ್ಲಿಯೇ ಕೇಳಿ ಪಡೆಯತಕ್ಕದ್ದು.