ನಾಲಿಗೆಗೆ ಸುಳ್ಳು ಕಲಿಸಬೇಡ

ತಮ್ಮಾ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಹೂಂ ಅನ್ನಲಿಲ್ಲ. "ಕಾಕಾ, ಮಾರ್ಚ್ ಕಡೀ ವಾರ ಮೂರು ಮಂದಿ ಗೆಳೆಯರನ್ನ ಕರಕೊಂಡು ಬನಶಂಕರಿಗೆ ಬರ್ತೀನ್ರಿ. ನಾಕು ಬಾಟ್ಲಿ ಛಲೋ ರೆಡ್ ವೈನ್ ತರ್ತೀವಿ. ನಮ್ಮ ರೊಟ್ಟಿ ಊಟದ ಜೋಡಿ ರುಚಿ ನೋಡಿ ಮಾರ್ಕ್ಸ್ ಹಾಕೋಣಂತ. ನೀವೂ ಕೂಡ್ತೀರಿಲ್ರಿ?" ಅಂದಿದ್ದಿ. ಮೂವತ್ತು ವರ್ಷ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವ ಚಾಟ್ನಿ, ಕಟಾವು ಅಂತ ಕಳೆದವನು ನಾನು. ಕೂಡುತ್ತೇನೆ. ಆದರೆ ನೀವು ಬರುವ ಮುಂಚೆ ನಾಲ್ಕು ಮಾತು ಕೇಳಿಸಿಕೊ. ಇವು ಓದಿ ತಿಳಿದದ್ದಕ್ಕಿಂತ, ತಪ್ಪಿ ಕಲಿತ ಮಾತುಗಳೇ ಹೆಚ್ಚು.

ಮೊದಲು ಜಾಗದ ಮಾತು. ನಮ್ಮ ಮನೆ ಬದಾಮಿಯ ಬನಶಂಕರಿ ತಾಯಿಯ ಗುಡಿಯ ಹಾದಿಯಲ್ಲಿದೆ. ಅಲ್ಲಿ ಬೇಡ, ತೋಟದ ಮನೆಯಲ್ಲಿ ಕೂಡೋಣ. ಶುಕ್ರವಾರ ಬೇಡ, ಹುಣ್ಣಿಮೆ ಬೇಡ. ಬನಶಂಕರಿಯ ನೆರಳಿನಲ್ಲಿ ಬೆಳೆದವರು ನಾವು, ಅಷ್ಟು ಮರ್ಯಾದೆ ನಮ್ಮಲ್ಲಿರಬೇಕು.

ಎರಡನೆಯದು ಅಳತೆ. ನಾಲ್ಕು ಬಾಟಲಿ ಬೇಡ, ಮೂರು ಸಾಕು. ಒಂದೊಂದರಿಂದ ಒಬ್ಬೊಬ್ಬರಿಗೆ ೪೦ ಮಿಲಿ. ಅರ್ಧ ಬರಿದೇ ರುಚಿ ನೋಡಲು, ಉಳಿದರ್ಧ ಊಟದ ಜೋಡಿ. ಮೂರೂ ಸೇರಿ ಒಬ್ಬರಿಗೆ ೧೨೦ ಮಿಲಿ ಆಯಿತು. ೭೫೦ ಮಿಲಿ ಬಾಟಲಿಯಲ್ಲಿ ಶೇಕಡ ೧೩ರಷ್ಟು ಮದ್ಯಸಾರ ಇದ್ದರೆ ಅದು ಸುಮಾರು ೭೭ ಗ್ರಾಂ ಆಗುತ್ತದೆ, ಸಣ್ಣ ಮಾತಲ್ಲ. ಕೆಂಪು ವೈನು ಹೃದಯಕ್ಕೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ತಲೆ ಆಡಿಸಬೇಡ. ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಜನವರಿಯಲ್ಲೇ ಹೇಳಿದೆ. ನಾವು ಕೂಡುವುದು ರುಚಿಗೆ, ಔಷಧಿಗಲ್ಲ, ಅಮಲಿಗಂತೂ ಅಲ್ಲ. ಗಾಡಿ ಓಡಿಸುವವನು, ಗುಳಿಗೆ ನುಂಗುವವನು, ಮನಸ್ಸಿಲ್ಲದವನು ಮುಟ್ಟುವುದು ಬೇಡ. ಅಂಥವರಿಗೂ ಕೆಲಸ ಕೊಡೋಣ: ಬಣ್ಣಕ್ಕೆ, ವಾಸನೆಗೆ ಅವರೂ ಮಾರ್ಕ್ಸ್ ಹಾಕಲಿ. ಉಳಿದ ವೈನನ್ನು ಬಿರಡೆ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಕೆಡುವುದಿಲ್ಲ. ತೆರೆದ ಬಾಟಲಿ ಮುಗಿಸಲೇಬೇಕೆಂಬ ಹಟ ಯಾರಿಗೂ ಬೇಡ.

ಇನ್ನು ಅಸಲು ಮಾತಿಗೆ ಬರುತ್ತೇನೆ. "ನಮಗೇನ್ ಗೊತ್ತಾಗ್ತೈತ್ರಿ ವೈನಿನ ರುಚಿ, ಅದು ದೊಡ್ಡವರ ವಿದ್ಯಾ" ಅಂತ ನೀನು ನಡುವೆ ಒಂದು ಮಾತು ಅಂದೆ. ಆ ಮಾತು ನನಗೆ ನಾಟಿತು. ಬನದ ಹುಣ್ಣಿಮೆಯ ಪಲ್ಯೇದ ಹಬ್ಬಕ್ಕೆ ಶಾಕಂಭರಿ ಎನಿಸಿದ ತಾಯಿ ಬನಶಂಕರಿಗೆ ೧೦೮ ಬಗೆಯ ಪಲ್ಯ ಎಡೆ ಹಿಡಿಯುವ ಊರು ನಮ್ಮದು. ಗುಡಿಯ ಮುಂದೆ ಬುಟ್ಟಿ ಹೊತ್ತು ಬರುವ ಅವ್ವಂದಿರ ಊಟ ನೆನೆಸಿಕೊ: ಒಂದು ರೊಟ್ಟಿಯ ಮೇಲೆ ಎಣ್ಣೆಗಾಯಿ, ಮಡಿಕೆಕಾಳು, ಜುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಂಜಕ, ಪಕ್ಕದಲ್ಲಿ ಪುಟ್ಟ ಗಡಿಗೆಯ ಕೆನೆ ಮೊಸರು. ಗುರೆಳ್ಳು ಹೆಚ್ಚು ಹುರಿದಿದ್ದರೆ ಒಂದೇ ತುತ್ತಿಗೆ ಹೇಳುತ್ತಿದ್ದವನು ನೀನು, ಆಗ ನಿನಗೆ ಹತ್ತು ವರ್ಷ. ಅಂಥ ನಾಲಿಗೆಗೆ ವೈನು ಯಾವ ದೊಡ್ಡ ವಿದ್ಯೆ?

ಇನ್ನೂ ಒಂದಿದೆ. ಕೆಂಪು ವೈನಿನ ಬೆನ್ನೆಲುಬು ಟ್ಯಾನಿನ್. ಅದರ ಕೆಲಸಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಒಗರು. ಷಡ್ರಸದಲ್ಲಿ ಅದೂ ಒಂದು ರುಚಿ. ಹಸಿ ಅಡಿಕೆ ಕಡಿದಾಗ, ಅರೆಹಣ್ಣು ನೇರಳೆ ತಿಂದಾಗ ಕೆನ್ನೆಯ ಒಳಗೆ ಬಿಗಿದುಕೊಳ್ಳುತ್ತದಲ್ಲ, ಅದೇ. ಕಪ್ಪು ದ್ರಾಕ್ಷಿಯ ತಿರುಳು ಬಹುತೇಕ ಬಣ್ಣವಿಲ್ಲದ್ದು. ಬಣ್ಣವೂ ಒಗರೂ ಇರುವುದು ಸಿಪ್ಪೆ, ಬೀಜಗಳಲ್ಲಿ. ರಸವನ್ನು ಸಿಪ್ಪೆಯ ಸಮೇತ ಹುಳಿಯಲು ಬಿಟ್ಟರೆ ಕೆಂಪು ವೈನು ಆಗುತ್ತದೆ. ಹಣ್ಣಿನ ಸಕ್ಕರೆಯೇ ಮದ್ಯಸಾರವಾಗಿ ಮಾರ್ಪಡುವುದು. ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ೨೩ ಬ್ರಿಕ್ಸ್ ತೋರಿಸಿದ ಹಣ್ಣಿನಿಂದ ಹೆಚ್ಚು ಕಡಿಮೆ ಶೇಕಡ ೧೩ರ ವೈನು ಬರುತ್ತದೆ. ಹಣ್ಣು ಕೀಳುವ ದಿನ ನಾವು ಬೀಜ ಕಡಿದು ನೋಡುತ್ತೇವೆ. ಬೀಜ ಹಸಿರಿದ್ದರೆ ಒಗರು ಒರಟು, ಕಂದು ತಿರುಗಿದ್ದರೆ ಒಗರು ಮೆತ್ತಗೆ.

ಈ ವಿದ್ಯೆ ನಮ್ಮ ನೆಲಕ್ಕೆ ದೂರದ್ದೂ ಅಲ್ಲ. ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ೨೦೦೭ರಲ್ಲಿ ಬಂತು. ಅದರಲ್ಲಿ ನಂದಿ ಕಣಿವೆಯ ಜೊತೆಗೆ ನಮ್ಮ ಕೃಷ್ಣಾ ಕಣಿವೆಯನ್ನೂ ಹೆಸರಿಸಿದರು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ೨೦೦೮ರದ್ದು. ನಮ್ಮ ಕಡೆಯ ದ್ರಾಕ್ಷಿ ಹೆಚ್ಚಾಗಿ ತಿನ್ನಲು, ಒಣದ್ರಾಕ್ಷಿಗೆ ಹೋಗುವುದು ನಿಜ. ಆದರೆ ದೊಡ್ಡಬಳ್ಳಾಪುರದ ಗ್ರೋವರ್ ತೋಟ ೧೯೮೮ರಿಂದ ಇದೆ. ಅವರ 'ಲಾ ರಿಸರ್ವ್' ಕಬರ್ನೆ ಮತ್ತು ಶಿರಾಜ್ ಎಂಬ ದ್ರಾಕ್ಷಿ ತಳಿಗಳನ್ನು ಕೂಡಿಸಿದ ವೈನು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಕ್ರಸ್ಮಾ ವೈನಿನವರು ಕಬರ್ನೆ, ಸಾಂಜೋವೇಸೆ ತಳಿ ಬೆಳೆಯುತ್ತಾರೆ. ಆದ್ದರಿಂದ ಮೂರು ಬಾಟಲಿಯಲ್ಲಿ ಎರಡಾದರೂ ಕರ್ನಾಟಕದ್ದಿರಲಿ. ಅಂಗಡಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಬಾಟಲಿ ಬೇಡ. ಬಿರಡೆ ಮೇಲೆದ್ದಿದ್ದರೆ ಅದು ಕಾವು ತಿಂದಿದೆ ಎಂದು ತಿಳಿ.

ಈಗ ನನ್ನ ತಪ್ಪಿನ ಕಥೆ. ಕೆಲವು ವರ್ಷದ ಹಿಂದೆ ಒಬ್ಬ ಸ್ನೇಹಿತರು ಬೆಲೆಬಾಳುವ ಬಾಟಲಿ ಒಂದನ್ನು ಉಡುಗೊರೆ ಕೊಟ್ಟರು. ಏಪ್ರಿಲ್ ತಿಂಗಳು. ಬಾಟಲಿ ಅಡುಗೆಮನೆಯ ಗೂಡಿನಲ್ಲೇ ಇತ್ತು. ನಾಲ್ಕು ಮಂದಿ ಹಿರಿಯರ ಜೋಡಿ, ರೊಟ್ಟಿ ರಂಜಕದ ಊಟಕ್ಕೆ ಅದನ್ನು ತೆರೆದೆ. ಬಾಯಿಗೆ ಹಾಕಿದರೆ ಬೆಚ್ಚಗಿನ ಕಷಾಯ! ಮೂಗಿಗೆ ಬರೀ ಸ್ಪಿರಿಟ್ಟು, ನಾಲಿಗೆಯ ಮೇಲೆ ಬೆಂಕಿ. ಆದರೂ ಎಲ್ಲರೂ ಬಾಟಲಿಯ ಚೀಟಿ ನೋಡಿ "ಭಾಳ ಛಲೋ ಐತಿ" ಅಂದರು. ನಾನೂ ಅಂದೆ. ಮರುದಿನ ಸಂಜೆ ಫ್ರಿಜ್ಜಿನಲ್ಲಿದ್ದ ಅರ್ಧ ಬಾಟಲಿ ತೆಗೆದು, ಸ್ವಲ್ಪ ಹೊತ್ತು ಹೊರಗಿಟ್ಟು, ಶೇಂಗಾ ಎಳ್ಳು ತುಂಬಿದ ಎಣ್ಣೆಗಾಯಿಯ ಜೋಡಿ ಒಂದು ಗುಟುಕು ಕುಡಿದೆ. ಅದೇ ವೈನು ಕಳಿತ ನೇರಳೆಯ ಹಾಗೆ ಬಾಯಿ ತುಂಬಿಕೊಂಡಿತು. ಹಿಂದಿನ ರಾತ್ರಿ ಕೆಟ್ಟದ್ದು ವೈನಲ್ಲ. ಕಾವು ಕೆಡಿಸಿತ್ತು, ಖಾರ ಕೆಡಿಸಿತ್ತು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ: ರುಚಿಸದ್ದನ್ನು ರುಚಿಸಿತು ಅಂದಿದ್ದೆ. ನಾಲಿಗೆಗೆ ಒಮ್ಮೆ ಸುಳ್ಳು ಕಲಿಸಿದರೆ ಮುಂದೆ ಅದು ಹೇಳುವ ಖರೇ ಮಾತನ್ನೂ ನಂಬಲಾಗುವುದಿಲ್ಲ.

ಹಾಗಾಗಿ ಕಾವಿನಿಂದಲೇ ಶುರು ಮಾಡು. ಕೆಂಪು ವೈನು ಕೋಣೆಯ ಕಾವಿನಲ್ಲಿರಬೇಕು ಅನ್ನುವ ಮಾತು ಯೂರೋಪಿನ ತಣ್ಣನೆಯ ಕೋಣೆಯದು, ಬದಾಮಿಯ ಬಂಡೆ ಕಾಯುವ ಮಾರ್ಚ್ ತಿಂಗಳದ್ದಲ್ಲ. ಅದಕ್ಕೆ ೧೫ರಿಂದ ೧೮ ಡಿಗ್ರಿ ಬೇಕು. ಅಷ್ಟು ತಂಪಾಗುವವರೆಗೆ ಫ್ರಿಜ್ಜಿನಲ್ಲಿ ಇಡು. ಹೊರಗೆ ತೆಗೆದ ಮೇಲೆ ಹರವಿಯ ತಣ್ಣೀರಿನಲ್ಲಿ ನಿಲ್ಲಿಸಿ ಒದ್ದೆ ಬಟ್ಟೆ ಸುತ್ತಿದರೆ ಊಟ ಮುಗಿಯುವವರೆಗೂ ತಂಪು ನಿಲ್ಲುತ್ತದೆ.

ಎರಡನೆಯದು ಮುಸುಕು. ಮೂರೂ ಬಾಟಲಿಗೆ ಕೊರಳವರೆಗೆ ಬಟ್ಟೆ ಕಟ್ಟಿ ಒಂದು, ಎರಡು, ಮೂರು ಅಂತ ಚೀಟಿ ಹಚ್ಚಬೇಕು. ಬಟ್ಟೆ ಕಟ್ಟುವವರೂ ಸುರಿಯುವವರೂ ನಿಮ್ಮ ಚಿಗವ್ವ, ಯಾವುದು ಯಾವುದೆಂದು ಅವರಿಗೆ ಮಾತ್ರ ಗೊತ್ತಿರಲಿ. ೧೯೭೬ರ ಮೇ ೨೪ರಂದು ಪ್ಯಾರಿಸ್ಸಿನಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಹೀಗೇ ಮುಚ್ಚಿದ ವೈನುಗಳನ್ನು ಫ್ರೆಂಚ್ ಪರಿಣತರ ಮುಂದಿಟ್ಟರು. ಅವರು ೨೦ಕ್ಕೆ ಮಾರ್ಕ್ಸ್ ಹಾಕಿದರು. ಕೆಂಪಿನಲ್ಲಿ ಮೊದಲು ಬಂದದ್ದು ಫ್ರಾನ್ಸಿನ ಬೋರ್ಡೋದ ಹೆಸರಾಂತ ವೈನಲ್ಲ, ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್‌ನ ೧೯೭೩ರ ವೈನು. ಹೆಸರು ಮುಚ್ಚಿದಾಗ ನಾಲಿಗೆ ಬಾಯಿ ಬಿಟ್ಟಿತು. ಕಣ್ಣು ಮೂಗಿಗೂ ಮೋಸ ಮಾಡುತ್ತದೆ. ೨೦೦೧ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ೫೪ ವಿದ್ಯಾರ್ಥಿಗಳಿಗೆ ಕೊಟ್ಟರೆ, ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದರ ವಾಸನೆ ಬಣ್ಣಿಸಿದರು. ಅವರೆಲ್ಲ ವೈನ್ ಶಾಸ್ತ್ರವನ್ನೇ ಕಲಿಯುತ್ತಿದ್ದವರು.

ಬಣ್ಣ ನೋಡುವಾಗ ಲೋಟ ಓರೆ ಮಾಡಿ ಬಿಳಿ ಧೋತರದ ಮೇಲೆ ಹಿಡಿ. ಎಳೆಯ ವೈನಿನ ಅಂಚು ನೇರಳೆ ಹಣ್ಣಿನ ಬಣ್ಣ; ವರ್ಷ ಕಳೆದಂತೆ ಅಂಚು ನಮ್ಮ ಬದಾಮಿ ಬಂಡೆಯ ಕೆಂಪಿಗೆ ತಿರುಗುತ್ತದೆ. ಆಮೇಲೆ ಲೋಟ ಅಲುಗಿಸಿ ಮೂಗು ಹತ್ತಿರ ತಾ. ಇಲ್ಲಿ ಪುಸ್ತಕದ ಮಾತು ಬೇಡ, ಮನೆಯ ಮಾತು ಹೇಳು. ನಿಮ್ಮ ಚಿಗವ್ವ ಒಂದು ಹನಿ ಬಾಯಿಗೆ ಹಾಕುವವರಲ್ಲ. ಒಮ್ಮೆ ಕಬರ್ನೆ ಲೋಟ ಮೂಸಿ, "ಇದು ಹಸಿ ದೊಣ್ಣಮೆಣಸಿನಕಾಯಿ ಹೆಚ್ಚಿದಂಗ ಐತಲ್ರಿ" ಅಂದರು. ದೊಣ್ಣಮೆಣಸಿನಕಾಯಿಗೆ ಆ ವಾಸನೆ ಕೊಡುವ ಪೈರಜೀನ್ ಎಂಬ ವಸ್ತುವೇ ಕಬರ್ನೆಯಲ್ಲೂ ಇದೆ. ಶಿರಾಜ್ ಮೂಸಿ "ಕರಿಮೆಣಸು" ಅಂದರು. ಅದೂ ಖರೇ, ಕರಿಮೆಣಸಿನ ರೊಟಂಡೋನ್ ಅದರಲ್ಲಿರುತ್ತದೆ. ನಲವತ್ತು ವರ್ಷ ಮಸಾಲೆ ಹುರಿದ ಮೂಗಿಗೆ ಯಾರ ಸರ್ಟಿಫಿಕೇಟೂ ಬೇಕಾಗಲಿಲ್ಲ. ಕೆಟ್ಟದ್ದನ್ನೂ ಹಾಗೇ ಹೇಳಬೇಕು: ವಿನಿಗರ್ ವಾಸನೆ, ಒಣಗದ ಅರಿವೆಯ ಮುಗ್ಗುಲು ವಾಸನೆ, ಕೊಯ್ದಿಟ್ಟ ಸೇಬು ಕಂದಿದ ವಾಸನೆ ಬಂದರೆ ಆ ಬಾಟಲಿ ಕೆಟ್ಟಿದೆ, ಬೆಲೆ ಎಷ್ಟೇ ಇರಲಿ.

ಗುಟುಕನ್ನು ಬಾಯಿ ತುಂಬ ಆಡಿಸಿ, ಬೇಕಾದರೆ ಉಗುಳು. ಅದಕ್ಕೊಂದು ತಂಬಿಗೆ ಇಡುತ್ತೇನೆ. ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಚೂರು ಕಟಕ ರೊಟ್ಟಿ, ಎರಡು ಗುಟುಕು ನೀರು. ಜೋಳದ ರೊಟ್ಟಿಯಷ್ಟು ಸ್ವಚ್ಛವಾಗಿ ನಾಲಿಗೆ ಒರೆಸುವುದು ಬೇರೊಂದಿಲ್ಲ.

ಊಟದ ಜೋಡಿ ನೋಡುವಾಗ ಇದನ್ನು ನೆನಪಿಡು. ಒಗರು ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದಲೇ ಬಾಯಿ ಒಣಗುತ್ತದೆ. ಜೊತೆಗೆ ಪ್ರೋಟೀನು, ಜಿಡ್ಡು ಇರುವ ಊಟ ಇದ್ದರೆ ಒಗರು ಅದಕ್ಕೆ ಅಂಟಿ ಮೆತ್ತಗಾಗುತ್ತದೆ. ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಮಾಂಸ ತಿನ್ನುವ ಗೆಳೆಯರಿದ್ದರೆ ಕುರಿ ಮಾಂಸದ ಪಲ್ಯ, ಇವು ಬಲವಾದ ಕಬರ್ನೆಗೆ ಜೋಡಿ. ಮಡಿಕೆಕಾಳು, ಹೆಸರುಕಾಳಿಗೆ ಹಗುರ ವೈನು ಸಾಕು. ರಂಜಕವನ್ನು ಮಾತ್ರ ಆ ಹೊತ್ತಿಗೆ ತಟ್ಟೆಯಿಂದ ದೂರವಿಡು. ಮದ್ಯಸಾರ ಖಾರದ ಉರಿಯನ್ನು ಏರಿಸುತ್ತದೆ, ಆ ಉರಿಯಲ್ಲಿ ಒಗರೂ ಒರಟಾಗುತ್ತದೆ. ಹುಳಿ ಮಜ್ಜಿಗೆಯೂ ಆಮೇಲೆ. ಅಮೀನಗಡದ ಕರದಂಟು ತರುತ್ತೇನೆ ಅಂದಿದ್ದಿ; ತಾ, ಆದರೆ ಮಾರ್ಕ್ಸ್ ಹಾಕಿ ಮುಗಿದ ಮೇಲೆ ತಿನ್ನೋಣ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನು ಬರೀ ಹುಳಿ.

ಕೊನೆಗೆ ಮಾರ್ಕ್ಸು. ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ನೂರಕ್ಕೆ ಹಾಕಿದರು; ಅವರ ಲೆಕ್ಕದಲ್ಲಿ ಯಾವ ವೈನಿಗೂ ೫೦ ಮೊದಲೇ ಸಿಕ್ಕಿರುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಮೇನಾರ್ಡ್ ಅಮೆರೀನ್ ಮತ್ತು ಸಂಗಡಿಗರು ೨೦ರ ಪಟ್ಟಿ ಮಾಡಿದರು. ನಮಗೂ ೨೦ ಸಾಕು, ಹಂಚಿಕೆ ನಮ್ಮದಿರಲಿ: ಬಣ್ಣಕ್ಕೆ ೨, ವಾಸನೆಗೆ ೫, ಬಾಯಿರುಚಿಗೆ ೬, ನುಂಗಿದ ಮೇಲೆ ಉಳಿಯುವ ರುಚಿಗೆ ೩, ಊಟದ ಜೋಡಿಗೆ ೪. ಒಬ್ಬರದನ್ನು ಒಬ್ಬರು ನೋಡದೆ, ಮಾತಾಡದೆ ಬರೆಯಿರಿ. ಪ್ರತಿ ಅಂಕಿಯ ಮುಂದೆ ಒಂದು ಸಾಲು ಕಾರಣ ಇರಲಿ. ಅಂಕಿ ನಾಳೆ ಮರೆಯುತ್ತದೆ, "ಹುರಿದ ಎಳ್ಳಿನ ವಾಸನೆ, ಜುಣಕಕ್ಕೆ ಛಲೋ, ಒಗರು ಜರಾ ಜಾಸ್ತಿ" ಅನ್ನುವ ಸಾಲು ಹತ್ತು ವರ್ಷದ ಮೇಲೂ ನಿನಗೆ ಆ ಸಂಜೆಯನ್ನು ತಂದು ಕೊಡುತ್ತದೆ. ಮುಸುಕು ಬಿಚ್ಚಿದ ಮೇಲೆ ಯಾರೂ ಅಂಕಿ ತಿದ್ದಬಾರದು. ಅಗ್ಗದ ಬಾಟಲಿಗೆ ಹೆಚ್ಚು ಬಿದ್ದಿದ್ದರೆ ಬಿದ್ದಿರಲಿ. ನಿನ್ನದು ೯, ನನ್ನದು ೧೫ ಆದರೂ ನೀನು ತಲೆ ಬಾಗಿಸಬೇಡ. ಹಿರಿಯರಿಗೆ ಕೊಡುವ ಗೌರವ ಬೇರೆ, ನಾಲಿಗೆಯ ಸಾಕ್ಷಿ ಬೇರೆ.

ತಮ್ಮಾ, ನಾಳೆ ನೀನು ಆಫೀಸಿನಲ್ಲಿ, ಸಂತೆಯಲ್ಲಿ, ಸಂಬಂಧ ನೋಡುವಲ್ಲಿ ಏನೇನೋ ತೂಗಿ ಹೇಳಬೇಕಾಗುತ್ತದೆ. ಅಲ್ಲಿಯೂ ಚೀಟಿ ನೋಡಿ ಹೂಂ ಅನ್ನುವ ಒತ್ತಾಯ ಇದ್ದೇ ಇರುತ್ತದೆ. ಒಂದು ಗುಟುಕಿನ ಬಗ್ಗೆ ಖರೇ ಹೇಳಲು ಕಲಿತವನಿಗೆ ಅಲ್ಲಿಯೂ ಅದು ಕೈಗೂಡುತ್ತದೆ. ಮೂರು ಬಾಟಲಿ, ಒಂದು ನೋಟ್‌ಬುಕ್, ನಾಲ್ಕು ಪೆನ್ನು ತಗೊಂಡು ಬಾ. ರೊಟ್ಟಿ, ಎಣ್ಣೆಗಾಯಿ, ಹರವಿಯ ತಣ್ಣೀರು ನಮ್ಮದು.